ಸಾವಿರಕ್ಕೆ ಒಂದು ಕಡಿಮೆ

“ನಿಮ್ಮ ಹತ್ರಾನೇ ಇಷ್ಟೊಂದು ನಂಬರು ಖಾಲಿ ಬಿದ್ದಿವೆ. ಇನ್ನೊಂದು ಸಾವಿರ ಎಲ್ಲಿಂದ ಕೊಡ್ಲಮ್ಮಾ?” ಎಂದು ನಂಬರು ಹಂಚುವ ಕಚೇರಿಯ ಅಧಿಕಾರಿ ಫೋನಿಟ್ಟುಬಿಟ್ಟರು.

ಪುಟ್ಟ ಫೋನ್ ಕಂಪನಿಯ ಒಡತಿ ತಲೆ ಮೇಲೆ ಕೈ ಹೊತ್ತು ಕೂತಳು. ಆ ಕಚೇರಿ ಕಂಪನಿಗಳಿಗೆ ನಂಬರುಗಳನ್ನು ಸಾವಿರದ ಕಟ್ಟು ಮಾಡಿ ಕೊಡುತ್ತದೆ. ಒಂದು ಕಟ್ಟು ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚಬಾರದು ಎಂಬುದು ಈ ಕಸುಬಿನ ಮೊದಲ ಪಾಠ. ಇವಳೋ, ಕೇಳಿದವರಿಗೆಲ್ಲ ಕೇಳಿದ್ದನ್ನೇ ಕೊಟ್ಟು ಕೂತಿದ್ದಳು. ಒಬ್ಬರಿಗೆ ಮಗಳು ಹುಟ್ಟಿದ ತಾರೀಖು, ಇನ್ನೊಬ್ಬರಿಗೆ ಮದುವೆಯಾದ ವರ್ಷ. ಈಗ ಅವಳ ಕಟ್ಟುಗಳೆಲ್ಲ ಕೋಳಿ ಕೆದಕಿದ ಕಾಳಿನ ರಾಶಿಯಂತಾಗಿದ್ದವು.

ಊರಿನ ಹೊಸ ಆಸ್ಪತ್ರೆಗೆ ಸಾಲಾಗಿ ಇಡೀ ಒಂದು ಸಾವಿರ ಬೇಕಿತ್ತು. ಸಿಗದಿದ್ದರೆ ಅವರು ದೊಡ್ಡ ಕಂಪನಿಗೆ ಹೋಗುತ್ತಿದ್ದರು. ಆಸ್ಪತ್ರೆ ಕೈತಪ್ಪಿದರೆ ಇವಳು ಬಾಗಿಲು ಹಾಕುವುದೇ.

“ಅತ್ತಿಗೆ, ಕೊನೇ ಕಟ್ಟಲ್ಲಿ ಒಂದೇ ಒಂದು ನಂಬರು ಹೋಗಿದೆ,” ಎಂದ ಲೈನು ನೋಡಿಕೊಳ್ಳುವ ಮೈದುನ. “ಗಡಿಯಾರ ರಿಪೇರಿ ತಾತಂದು. ಅದನ್ನ ವಾಪಸ್ ಇಸ್ಕೊಂಡ್ರೆ ಸಾವಿರಾನೂ ನಮ್ಮದೇ.”

ಅವಳು ಗಡಿಯಾರದಂಗಡಿಗೆ ಹೋಗಿ ವಿಷಯ ಹೇಳಿದಾಗ ತಾತ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಎಲ್ಲ ಕೇಳಿಸಿಕೊಂಡರು.

“ಅದು ನಮ್ಮಪ್ಪನ ಕಾಲದ ಮನೆ ನಂಬರು ಕಣಮ್ಮಾ. ನಿನ್ನ ಹತ್ರ ಬಂದಿದೆ ಅಂತ ಗೊತ್ತಾಗಿ ಓಡಿ ಬಂದಿದ್ದೆ. ನಮ್ಮಕ್ಕ ವೃದ್ಧಾಶ್ರಮದಲ್ಲಿದ್ದಾಳೆ. ಹೆತ್ತ ಮಕ್ಕಳ ಹೆಸರೇ ಮರ್ತಿದ್ದಾಳೆ. ಆ ನಂಬರು ಮಾತ್ರ ಅವಳ ಬೆರಳಲ್ಲಿ ಉಳ್ಕೊಂಡಿದೆ.” ಕೈಲಿದ್ದ ಗಡಿಯಾರದ ಮುಚ್ಚಳ ಹಾಕಿ ತಾವೇ ಹೇಳಿದರು, “ಹೋಗ್ಲಿ, ತಗೋ. ನಿನ್ನ ಕಂಪನೀನೇ ಮುಚ್ಚಿದ್ರೆ ನಂಬರು ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?”

ಅವಳಿಗೆ ಅಳು ಬಂತು, ಕೇಳಲು ಬಂದ ತನ್ನ ಮೇಲೆಯೇ ಸಿಟ್ಟು ಬಂತು. ಎದ್ದು ನೇರ ಆಸ್ಪತ್ರೆಗೆ ಹೋದಳು.

“ಸಾವಿರ ಇಲ್ಲ ಮೇಡಂ, ಒಂದು ಕಮ್ಮಿ. ಆ ಒಂದನ್ನ ಕಿತ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ,” ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು.

ಆಸ್ಪತ್ರೆಯ ಮ್ಯಾನೇಜರಮ್ಮ ಪೆನ್ನು ಕೆಳಗಿಟ್ಟರು. “ಒಂದು ಕಮ್ಮಿಯಾದ್ರೆ ಆಸ್ಪತ್ರೆ ಏನು ಬಿದ್ದೋಗಲ್ಲ. ಆದ್ರೆ ರೋಗಿ ಕಡೆಯವರು ಗಾಬರೀಲಿ ತಪ್ಪಿ ಆ ತಾತಂಗೆ ಫೋನ್ ಮಾಡಿದ್ರೆ?”

ತಾತನನ್ನು ಕೇಳಿದ್ದಕ್ಕೆ, “ಸರಿಯಾದ ನಂಬರು ಹೇಳಿ ಕಳಿಸ್ತೀನಿ. ಬೈದ್ರೆ ಬೈಸ್ಕೋತೀನಿ, ಅಷ್ಟೇ ತಾನೆ?” ಎಂದರು.

ಆಸ್ಪತ್ರೆಯ ಫೋನುಗಳಿಗೆ ಜೀವ ಬಂದ ಬೆಳಿಗ್ಗೆ ಒಡತಿ ಗಡಿಯಾರದಂಗಡಿಯಲ್ಲೇ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಫೋನು ಬಡಿದುಕೊಂಡಿತು.

“ಇದು ಹೆರಿಗೆ ವಾರ್ಡಲ್ಲಪ್ಪಾ. ಕೊನೇದು ನಾಲ್ಕು ಒತ್ತು. ಹೆದರ್ಬೇಡ, ಎಲ್ಲಾ ಸರಿಹೋಗುತ್ತೆ,” ಎಂದು ತಾತ ಗತ್ತಿನಿಂದ ಫೋನಿಟ್ಟು ಅವಳತ್ತ ಹುಬ್ಬು ಹಾರಿಸಿದರು. ಅವಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಮತ್ತೆ ಬಡಿದುಕೊಂಡಿತು.

“ಇದು ಹೆರಿಗೆ…” ಎಂದವರು ಅರ್ಧಕ್ಕೇ ನಿಲ್ಲಿಸಿದರು. ಕಣ್ಣಿನ ಭೂತಗನ್ನಡಿ ಕಳಚಿ ಮೇಜಿನ ಮೇಲಿಟ್ಟರು.

“ಹೂಂ ಅಕ್ಕಾ, ನಾನೇ. ಅಮ್ಮ ಮಾರ್ಕೆಟ್ಟಿಗೆ ಹೋಗಿದ್ದಾಳೆ, ಈಗ ಬಂದ್ಬಿಡ್ತಾಳೆ. ನೀನು ಹೇಳು.”

ಒಡತಿ ಮೆಲ್ಲಗೆ ಎದ್ದು, ಬೀದಿಯ ಸದ್ದು ಒಳಗೆ ಬಾರದಂತೆ ಅಂಗಡಿಯ ಬಾಗಿಲನ್ನು ಮುಂದೆ ಮಾಡಿದಳು.