ಮಂತ್ರಿಗಳು ಹೌದು ಅಂದರು

ಮಂತ್ರಿಗಳ ಎಡತೋಳಿನ ಗುಂಡಿ ಒಂದೇ ಎಳೆಯಲ್ಲಿ ನೇತಾಡುತ್ತಿದೆ, ಎದ್ದು ನಿಲ್ಲುವಾಗ ಮೇಜಿನಂಚಿಗೆ ತಾಗಿ ಈಗ ಬಿತ್ತು ಆಗ ಬಿತ್ತು ಅನ್ನುವ ಹಾಗೆ ಆಡಿತು, ಮನೆಯಲ್ಲಿ ಯಾರೂ ನೋಡಲಿಲ್ಲವೇ, ನೋಡುವವರಾದರೂ ಯಾರಿದ್ದಾರೆ, ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು — ಅಯ್ಯೋ, ಇದನ್ನೆಲ್ಲ ಯೋಚಿಸುವ ಹೊತ್ತೇ ಇದು, ಎಂಟು ತಿಂಗಳಿಂದ ಕಾದಿದ್ದೇನೆ ಈ ಹತ್ತು ನಿಮಿಷಕ್ಕೆ, ಮೂರನೆಯ ಪ್ರಶ್ನೆ, ನನ್ನದು, ಆರೋಗ್ಯ ಮಂತ್ರಿಗಳಿಗೆ. ಆಸ್ಪತ್ರೆಯ ಲಿಫ್ಟು ಮೂರನೇ ಮಹಡಿಯಿಂದ ಕಳಚಿ ಬಿದ್ದು ನಾಲ್ವರು ಸತ್ತದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ, ತಂತಿಹಗ್ಗ ಸವೆದಿದೆ ಎಂದು ಯಾರಾದರೂ ಮೊದಲೇ ತಿಳಿಸಿದ್ದರೇ, ತಿಳಿಸಿದ್ದಲ್ಲಿ ಕೈಗೊಂಡ ಕ್ರಮವೇನು. ಲಿಖಿತ ಉತ್ತರ ಎರಡು ಸಲ ಬಂದಿತ್ತು, ಎರಡೂ ಸಲ ಅದೇ ಮೂರು ಸಾಲು — ಬಂದಿದೆ, ಇಲ್ಲ, ಉದ್ಭವಿಸುವುದಿಲ್ಲ. ನಾಲ್ಕು ಹೆಣಗಳ ಮೇಲೆ ಉದ್ಭವಿಸುವುದಿಲ್ಲ ಅಂತ ಬರೆದ ಕೈ ಯಾವುದೋ, ಅದೂ ಮಧ್ಯಾಹ್ನ ತುತ್ತು ಕಲಸುತ್ತದೆ. ತಪ್ಪೆಲ್ಲ ಲಿಫ್ಟ್ ನಡೆಸುವವನದಂತೆ, ರೋಗಿಯನ್ನು ಒಳಗೆ ಬಿಟ್ಟು ತಾನು ಸಿಗರೇಟು ಸೇದಲು ಹೊರಗೆ ಹೋದನಂತೆ, ಒಳಗಿದ್ದಿದ್ದರೆ ತುರ್ತು ಬ್ರೇಕು ಎಳೆಯಬಹುದಿತ್ತಂತೆ, ಅವನಿಗೆ ಅಮಾನತು, ಮೇಲೊಂದು ಪೊಲೀಸ್ ಕೇಸು. ಅವನ ಮಾತು ಬೇರೆ, ಸ್ಟ್ರೆಚರ್ ಜೊತೆ ಎಲ್ರಿಗೂ ಒಳಗೆ ಜಾಗ ಸಾಲಲಿಲ್ಲ ಮೇಡಂ, ಪೇಷಂಟು, ಅವರಮ್ಮ, ನರ್ಸಮ್ಮ, ವಾರ್ಡಿನ ಆಯಾ, ಜಾಗ ಆಗ್ಲಿ ಅಂತ ನಾನು ಇಳಿದೆ, ಮೆಟ್ಟಿಲಲ್ಲಿ ಓಡಿಹೋಗಿ ಕೆಳಗೆ ಬಾಗಿಲು ತೆಗೆಯೋಣ ಅಂತಿದ್ದೆ, ಹಗ್ಗದ ಎಳೆ ಕಿತ್ತು ಬರ್ತಿದೆ ಅಂತ ಮೂರು ಸಲ ಬರೆದು ಕೊಟ್ಟಿದ್ದೆ. ಅವನು ಈಗ ಮೇಲೆ ಗ್ಯಾಲರಿಯಲ್ಲಿ ಕೂತಿದ್ದಾನೆ, ದಪ್ಪ ಗಾಜಿನ ಹಿಂದೆ, ಪಕ್ಕದಲ್ಲಿ ಅವನ ತಂಗಿ, ಟೈಲರಮ್ಮ, ಪಾಸು ಕೊಡಿಸಿದ್ದು ನಾನು, ಐಡಿಯಾ ನಮ್ಮ ವಿರೋಧ ಪಕ್ಷದ ನಾಯಕರದು — ಅವನು ಮೇಲೆ ಕೂತಿರ್ಲಿ, ಮುಖ ಕಾಣೋ ಹಾಗೆ, ಕ್ಯಾಮೆರಾದವರಿಗೂ ಏನಾದ್ರೂ ಬೇಕಲ್ಲ.

ಬೆಣ್ಣೆ ಅಂತ ಹೆಸರಿಟ್ಟಿದ್ದೇವೆ ಈ ಮಂತ್ರಿಗೆ, ಎಲ್ಲಿ ಹಿಡಿದರೂ ಜಾರುತ್ತಾರೆ, ಅದಕ್ಕೇ ಐದು ಉಪಪ್ರಶ್ನೆ ಬರೆದುಕೊಂಡು ಬಂದಿದ್ದೇನೆ, ಇಲ್ಲ ಅಂದರೆ ಮೊದಲನೆಯದು, ಮಾಹಿತಿ ಸಂಗ್ರಹಿಸಲಾಗುತ್ತಿದೆ ಅಂದರೆ ಎರಡನೆಯದು, ತನಿಖೆ ಪ್ರಗತಿಯಲ್ಲಿದೆ ಅಂದರೆ ಮೂರನೆಯದು, ಎಲ್ಲ ಬಾಗಿಲಿಗೂ ಚಿಲಕ ಹಾಕಿದ್ದೇನೆ, ಐದನೆಯದರ ಹೊತ್ತಿಗೆ ನಾಯಕರು ಕೈ ಎತ್ತುತ್ತಾರೆ, ಎಲ್ಲರೂ ಮೇಜಿನಡಿಯಿಂದ ಫಲಕ ತೆಗೆದು ಸಭಾಧ್ಯಕ್ಷರ ಪೀಠದ ಮುಂದೆ ನುಗ್ಗುವುದು, ಫಲಕದ ಮೇಲೆ ಒಂದೇ ಪದ, ಸುಳ್ಳು, ಕೆಂಪು ಅಕ್ಷರ. ಮಂತ್ರಿಗಳು ಕಡತ ಬಿಚ್ಚುತ್ತಿಲ್ಲ. ಕನ್ನಡಕವನ್ನೂ ಹಾಕಿಕೊಳ್ಳುತ್ತಿಲ್ಲ. ಮಾನ್ಯ ಸಭಾಧ್ಯಕ್ಷರೇ, ಅಂದರು, ಹೌದು. ಹೌದು, ತಿಳಿಸಿದ್ದರು. ಲಿಫ್ಟ್ ನಡೆಸುವ ನೌಕರ ಮೂರು ಪತ್ರ ಬರೆದಿದ್ದ, ಮೂರೂ ನನ್ನ ಕಚೇರಿಗೆ ಬಂದಿದ್ದವು, ಎರಡನ್ನು ನಾನೇ ಓದಿದ್ದೆ, ಮುಂದಿನ ತಿಂಗಳು ನೋಡೋಣ ಅಂತ ಪಕ್ಕಕ್ಕಿಟ್ಟೆ, ಲಿಫ್ಟ್ ಬಿದ್ದ ಮೇಲೆ ಪತ್ರಗಳೇ ಬಂದಿಲ್ಲ ಅಂತ ಬರೆಸಿದವನೂ ನಾನೇ. ಆ ನೌಕರನದು ಏನೂ ತಪ್ಪಿಲ್ಲ. ಎಂಟು ತಿಂಗಳು ಉತ್ತರ ಬರೆಸಿದೆ, ಇನ್ನು ನನ್ನ ಕೈಲಿ ಆಗಲ್ಲ. ಪತ್ರಗಳನ್ನು ಸದನದ ಮುಂದಿಡುತ್ತಿದ್ದೇನೆ, ಬೆಳಿಗ್ಗೆ ರಾಜೀನಾಮೆ ಕೊಟ್ಟಿದ್ದೇನೆ. ಅಷ್ಟೇ. ಕೂತರು. ಯಾರೋ ಕೆಮ್ಮಿದರು, ಶೀಘ್ರಲಿಪಿಯವರ ಪೆನ್ನು ನಿಂತುಬಿಟ್ಟಿದೆ, ಇಪ್ಪತ್ತು ವರ್ಷದಿಂದ ನಿಲ್ಲದ ಪೆನ್ನು, ಆಡಳಿತ ಪಕ್ಷದ ಸಾಲಿನಲ್ಲಿ ಒಬ್ಬರ ಮುಖವನ್ನು ಒಬ್ಬರು ನೋಡುತ್ತಿದ್ದಾರೆ, ಹೌದು ಅಂದರಾ, ಈ ಸದನದಲ್ಲಿ ಯಾರಾದರೂ ಹೌದು ಅಂದದ್ದುಂಟಾ, ಹನ್ನೊಂದು ವರ್ಷದಲ್ಲಿ ನಾನು ಕೇಳಿಲ್ಲ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ನಮ್ಮ ದಪ್ಪ ಮೀಸೆಯ ಸದಸ್ಯರು ತಟ್ಟನೆ ಎಚ್ಚರಗೊಂಡು ಫಲಕ ಎತ್ತಿ ಹಿಡಿದರು, ಸುಳ್ಳು, ಅಷ್ಟು ದೊಡ್ಡ ಸದನದಲ್ಲಿ ಒಂದೇ ಒಂದು ಫಲಕ, ಯಾರೋ ಅವರ ಕೈ ಹಿಡಿದು ಕೆಳಗಿಳಿಸಿದರು, ನಗು ಬರಬೇಕಿತ್ತು, ಬರಲಿಲ್ಲ.

ಯಾಕೆಂದರೆ ನಾನು ನಂಬಿರಲಿಲ್ಲ. ಆ ಲಿಫ್ಟ್ ನಡೆಸುವವನ ಮಾತನ್ನು ನಾನು ಒಂದು ದಿನವೂ ನಂಬಿರಲಿಲ್ಲ. ಮೊದಲ ಸಲ ಕಚೇರಿಗೆ ಬಂದಾಗ ಅವನ ಅಂಗಿಯಿಂದ ಸಿಗರೇಟಿನ ವಾಸನೆ ಬಂತು, ಸರಿ, ಮುಗಿಯಿತು, ಹದಿನಾಲ್ಕು ವರ್ಷ ಮೇಷ್ಟ್ರಗಿರಿ ಮಾಡಿದವಳು ನಾನು, ಸುಳ್ಳು ಹೇಳುವ ಹುಡುಗ ನೆಲ ನೋಡುತ್ತಾನೆ, ಇವನೂ ನೆಲ ನೋಡುತ್ತಿದ್ದ, ಪತ್ರದ ಪ್ರತಿ ಇಟ್ಕೊಂಡಿದೀಯೇನಪ್ಪ ಅಂದೆ, ಇಲ್ಲ ಮೇಡಂ, ಕೈಯಲ್ಲೇ ಬರೆದು ಕೈಯಲ್ಲೇ ಕೊಟ್ಟೆ ಅಂದ, ಆಯ್ತು ಬಿಡು ನೋಡೋಣ ಅಂದೆ, ಬೇರೆ ಯಾವುದಕ್ಕೋ ಸಹಿ ಹಾಕುತ್ತಾ, ತಲೆ ಎತ್ತದೆ. ಪತ್ರವಂತೆ ಪತ್ರ, ಅಂದುಕೊಂಡೆ ಮನಸ್ಸಿನಲ್ಲಿ. ಇವತ್ತು ಬೆಳಿಗ್ಗೆ ಅಕ್ಕ ಫೋನಿನಲ್ಲಿ ಕೇಳಿದಳಲ್ಲ, ಆ ಮನುಷ್ಯ ನಿಜ ಹೇಳ್ತಿದಾನೇನೇ, ನಾನಂದೆ, ಗೊತ್ತಿಲ್ಲ ಬಿಡೇ, ನಿಜವೋ ಸುಳ್ಳೋ ಕಟ್ಕೊಂಡು ನನಗೇನು, ನಮಗೆ ಬೇಕಾಗಿರೋದು ಮಂತ್ರಿ, ಅಕ್ಕ ಹಾಗಾ ಅಂದಳು, ಹಾಗಾ ಅಷ್ಟೇ, ನಾನು ಬಾಚಣಿಗೆ ಹುಡುಕುತ್ತಿದ್ದೆ. ಮಂತ್ರಿಗಳು ಸುಳ್ಳು ಹೇಳುತ್ತಾರೆಂದು ಗೊತ್ತಿತ್ತು, ಇವನೂ ಹೇಳುತ್ತಾನೆ ಅಂದುಕೊಂಡಿದ್ದೆ, ಇಬ್ಬರ ಸುಳ್ಳಿನ ನಡುವೆ ನನಗೊಂದು ಭಾಷಣ ಸಿಕ್ಕಿತ್ತು. ತಲೆಯೆತ್ತಿ ಗ್ಯಾಲರಿ ನೋಡಿದೆ. ಎದ್ದು ನಿಂತಿದ್ದಾನೆ. ಅಲ್ಲಿ ಏಳಬಾರದು, ಮಾತಾಡಬಾರದು, ಬಾಗಿಲಲ್ಲೇ ಬರೆದು ಹಾಕಿದ್ದಾರೆ, ಎದ್ದು ನಿಂತು ಬಲಗೈಯನ್ನು ಗಾಜಿಗೆ ಒತ್ತಿ ಹಿಡಿದಿದ್ದಾನೆ, ಅಂಗೈ ಚಪ್ಪಟೆಯಾಗಿ ಬೆಳ್ಳಗಾಗಿದೆ, ಐದೂ ಬೆರಳು, ಮಂತ್ರಿಗಳ ಕಡೆ ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾನೆ, ತುಟಿ ಆಡುತ್ತಿದೆ, ಉಸಿರಿನ ಹಬೆ ಗಾಜಿನ ಮೇಲೆ ಕೂತು ಬಾಯಿ ಮಸುಕಾಗುತ್ತಿದೆ, ಏನು ಹೇಳುತ್ತಿದ್ದಾನೆ, ಕೇಳಿಸುವುದಿಲ್ಲ, ಕಾವಲುಗಾರ ಭುಜ ಹಿಡಿದ, ಆ ಅಂಗೈ ಗಾಜು ಬಿಡಲಿಲ್ಲ.

ಉಪಪ್ರಶ್ನೆ ಇದೆಯಾ ಮಾನ್ಯ ಸದಸ್ಯರೇ, ಸಭಾಧ್ಯಕ್ಷರು ಎರಡನೇ ಸಲ ಕೇಳುತ್ತಿದ್ದಾರೆ. ಎದ್ದೆ. ಕೈಯಲ್ಲಿರುವ ಐದೂ ರದ್ದಿ ಕಾಗದ. ಹಿಂದಿನಿಂದ ನಾಯಕರ ಪಿಸುಮಾತು, ನಾಟಕ ಅನ್ರೀ, ಅನುಕಂಪದ ನಾಟಕ ಅನ್ರೀ, ಬಿಡಬೇಡಿ, ಇಡೀ ಮಂತ್ರಿಮಂಡಲ ಹೋಗ್ಬೇಕು ಅನ್ರೀ. ಅನ್ನಬಹುದಿತ್ತು, ನಾಲಿಗೆಯ ತುದಿಗೇ ಬಂದಿತ್ತು, ಅಭ್ಯಾಸ, ಆದರೆ ಎದುರಿಗೆ ಮಂತ್ರಿಗಳು ಕೈ ಕಟ್ಟಿಕೊಂಡು ಕೂತಿದ್ದಾರೆ, ಏಟು ಬೀಳಲಿ ಅಂತ ಕಾಯುವವರ ಹಾಗೆ, ನನ್ನ ಕಡೆಯೇ ನೋಡುತ್ತಾ. ಅವನನ್ನ ಕೆಲಸಕ್ಕೆ ಯಾವಾಗ ತಗೋತೀರಿ, ಅಂದೆ, ನನ್ನ ದನಿಯೇ ನನಗೆ ಅಪರಿಚಿತ, ಅವನ ಮೇಲಿನ ಕೇಸು ಯಾವಾಗ ವಾಪಸು. ಇವತ್ತು, ಅಂದರು ಮಂತ್ರಿಗಳು, ಕೂತಲ್ಲಿಂದಲೇ, ಎರಡೂ ಇವತ್ತೇ, ಬೆಳಿಗ್ಗೆ ಕೊನೆಯದಾಗಿ ಸಹಿ ಹಾಕಿದ್ದು ಅದಕ್ಕೇ. ಇನ್ನೊಂದು ಇದೆಯಾ ಅಂದರು ಸಭಾಧ್ಯಕ್ಷರು. ಇಲ್ಲ, ಅಂದೆ. ಇಲ್ಲವೇ ಅಂದರು. ಇಲ್ಲ. ಗದ್ದಲ ಈಗ ಎದ್ದಿತು, ಎರಡೂ ಕಡೆಯಿಂದ, ಸದನವನ್ನು ಅರ್ಧ ಗಂಟೆ ಮುಂದೂಡಿದರು, ನಾಯಕರು ನನ್ನ ಪಕ್ಕದಲ್ಲೇ ಹಾದುಹೋಗುತ್ತಾ ಎಂಥ ಚಾನ್ಸು ಹಾಳು ಮಾಡಿದ್ರಿ ಅಂದರು, ಇರಬಹುದು.

ಹೊರಗೆ ಮೊಗಸಾಲೆಯಲ್ಲಿ ಅವನು ಕಂಬಕ್ಕೆ ಒರಗಿ ನಿಂತಿದ್ದ, ಟೈಲರಮ್ಮ ಅವನ ಮುಖ ಒರೆಸುತ್ತಿದ್ದಳು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ಇದೆ, ಅಂಗಡಿಯಿಂದ ಎದ್ದು ಬಂದವಳು ತೆಗೆಯಲು ಮರೆತಿದ್ದಾಳೆ. ನನ್ನನ್ನು ಕಂಡು ಅವನು ನೆಟ್ಟಗೆ ನಿಂತ, ಹತ್ತಿರ ಹೋದೆ, ಅದೇ ಸಿಗರೇಟಿನ ವಾಸನೆ, ಹೌದು, ಸೇದುತ್ತಾನೆ, ಸೇದುವವರು ಪತ್ರ ಬರೆಯುವುದಿಲ್ಲವೇ. ಅಣ್ಣ ಮೇಲೆ ಏನಂತಿದ್ದ ಗೊತ್ತಾ ಮೇಡಂ, ಅಂದಳು ತಂಗಿ, ಗಾಜು ಹಿಡ್ಕೊಂಡು ಅದನ್ನೇ ಅಂತಿದ್ದ, ಇವರೊಬ್ರೇ ನನ್ನ ನಂಬಿದ್ದು, ಇವರೊಬ್ರೇ ನಂಬಿದ್ದು, ಮನೇಲಿ ನಾನೂ ಪೂರ್ತಿ ನಂಬಿರ್ಲಿಲ್ಲ ಮೇಡಂ, ನಿಜ ಹೇಳ್ತೀನಿ, ಅತ್ತಿಗೆ ತವರಿಗೆ ಹೋಗ್ಬಿಟ್ಳು, ನೀವೊಬ್ರೇ. ಅವನು ಸುಮ್ಮನಿರೇ ಅಂದ ಅವಳಿಗೆ, ಇವತ್ತು ನೆಲ ನೋಡದೆ, ನೇರ ನನ್ನ ಕಣ್ಣನ್ನೇ ನೋಡುತ್ತಾ, ನೆಲ ನೋಡುತ್ತಿದ್ದದ್ದು ಸುಳ್ಳಿಗಲ್ಲ, ನಾಚಿಕೆಗೆ, ನಾಲ್ಕು ಜನ ಸತ್ತು ತಾನುಳಿದ ನಾಚಿಕೆ, ಹದಿನಾಲ್ಕು ವರ್ಷ ಪಾಠ ಹೇಳಿದವಳಿಗೆ ಇದು ಗೊತ್ತಾಗಬೇಡವೇ. ಹೇಳಬೇಕು, ಈಗಲೇ ಹೇಳಿಬಿಡಬೇಕು, ನಾನೂ ನಂಬಿರಲಿಲ್ಲ ಅಂತ, ಆ ಮಂತ್ರಿ ಇಡೀ ಸದನದೆದುರು ಹೇಳಿದರು, ನನಗೆ ಇಬ್ಬರ ಮುಂದೆ ಹೇಳಲಾಗದೇ, ಎರಡೇ ಪದ, ಬಾಯಿ ತೆರೆದೆ. ಊಟ ಆಯ್ತಾ ನಿಮ್ಮದು, ಅಂದೆ. ಎಂಟು ತಿಂಗಳಲ್ಲಿ ಮೊದಲ ಸಲ ಬಹುವಚನ, ಅವನು ಗಮನಿಸಿದ, ಕಣ್ಣು ತುಂಬಿಕೊಂಡವು, ಅದನ್ನೂ ಉಪಕಾರ ಅಂದುಕೊಂಡ, ಅಯ್ಯೋ, ಇಲ್ಲ ಮೇಡಂ, ಹಸಿವೇ ಇಲ್ಲ ಇವತ್ತು, ಅಂದ, ಇಬ್ಬರೂ ಹೊರಟರು, ತಿರುವಿನಲ್ಲಿ ಮೆಟ್ಟಿಲ ಕಡೆಗೆ ತಿರುಗಿದರು, ಪಕ್ಕದಲ್ಲಿ ಲಿಫ್ಟಿತ್ತು, ಅವರು ಮೆಟ್ಟಿಲನ್ನೇ ಇಳಿದರು, ನಾನು ಕೂಗಲಿಲ್ಲ.

ಗಂಟೆ ಬಾರಿಸುತ್ತಿದೆ, ಎಲ್ಲರೂ ಒಳಗೆ, ನನ್ನ ಜಾಗ, ನನ್ನ ಮೈಕು, ಮುಂದಿನ ಪ್ರಶ್ನೆ ರಸ್ತೆಗುಂಡಿಗಳದು, ಲೋಕೋಪಯೋಗಿ ಮಂತ್ರಿಗಳು ಇಲ್ಲ ಅನ್ನುತ್ತಿದ್ದಾರೆ, ಸಂಗ್ರಹಿಸಲಾಗುತ್ತಿದೆ ಅನ್ನುತ್ತಿದ್ದಾರೆ, ಯಾರೋ ನಗುತ್ತಿದ್ದಾರೆ, ಎಲ್ಲ ಸರಿಯಾಗಿದೆ, ಎಂದಿನಂತಿದೆ, ಫೋನು ಜೇಬಿನಲ್ಲಿ ನಡುಗುತ್ತಿದೆ, ಅಕ್ಕನೇ ಇರಬೇಕು, ಟೀವಿಯಲ್ಲಿ ನೋಡಿರುತ್ತಾಳೆ, ಏನು ಹೇಳಲಿ ಅವಳಿಗೆ, ಸಂಜೆ ಟೈಲರಮ್ಮನ ಅಂಗಡಿಗೆ ಹೋಗಲೇ, ಹೋಗಿ ಏನನ್ನಲಿ, ನಾಳೆ ಹೇಳಿದರಾಯಿತು, ನಾಳೆ, ಮುಂದಿನ ತಿಂಗಳು ನೋಡೋಣ — ಯಾರ ಮಾತಿದು, ನನ್ನ ಬಾಯಲ್ಲಿ — ತಲೆ ಎತ್ತಬಾರದು ಅಂದುಕೊಂಡೇ ಎತ್ತಿದೆ, ಗ್ಯಾಲರಿ ಖಾಲಿ, ಕುರ್ಚಿಗಳು ಖಾಲಿ, ದೀಪದ ಬೆಳಕು ಓರೆಯಾಗಿ ಬಿದ್ದಿದೆ ಗಾಜಿನ ಮೇಲೆ, ಉಸಿರಿನ ಹಬೆ ಆರಿಹೋಗಿದೆ, ಅಂಗೈ ಹಾಗೇ ಇದೆ, ಜಿಡ್ಡಿನ ಗುರುತು, ಯಾರೂ ಒರೆಸಿಲ್ಲ, ಐದು ಬೆರಳು, ಹೆಬ್ಬೆರಳು ಸ್ವಲ್ಪ ಜಾರಿದೆ, ಭುಜ ಎಳೆದಾಗ ಜಾರಿದ್ದು, ಅಂಗೈ, ನನ್ನ ಕಡೆಗೆ, ಗಾಜಿನ ಮೇಲೆ, ಅಂಗೈ