ದೂರದ ನೆಂಟ

"ಅತ್ತಿಗೆ, ಇದು ಬೆಳ್ಳುಳ್ಳಿ!"

ತಾರಸಿಯಲ್ಲಿ ನಿಂತು ಗೋಪೀನಾಥ ಕೂಗಿದ ರೀತಿಗೆ, ಹಾವೇನಾದರೂ ಬಂತೋ ಅಂತ ಪಕ್ಕದ ಮನೆಯವರು ಇಣುಕಿದರು. ಗೋಪೀನಾಥ ಬೆಳಿಗ್ಗೆ ಬೆಳಿಗ್ಗೆಯೇ ಕೆಂಗೇರಿ ಉಪನಗರದಿಂದ ಮೆಟ್ರೊ ಹತ್ತಿ ಗೋವಿಂದರಾಜನಗರಕ್ಕೆ ಬಂದದ್ದು ಅಣ್ಣನ ಶ್ರಾದ್ಧದ ಏರ್ಪಾಟು ಮಾತಾಡಲಿಕ್ಕೆ. ಪೂಜೆಗೆ ತುಳಸಿ ಬಿಡಿಸಿಕೊಂಡು ಬರ್ತೀನಿ ಅಂತ ಮೇಲೆ ಹೋದವರು, ಪಕ್ಕದ ಕುಂಡದ ಎಲೆಯೊಂದನ್ನು ಸುಮ್ಮನೆ ಹೊಸಕಿ ಮೂಗಿಗೆ ಹಿಡಿದುಬಿಟ್ಟಿದ್ದರು.

ಅತ್ತಿಗೆ ಸತ್ಯವತಿ ಮೆಟ್ಟಿಲು ಹತ್ತಿ ಬಂದು ತಾವೂ ಒಂದು ಎಲೆ ಹೊಸಕಿದರು. ಅನುಮಾನವೇ ಇರಲಿಲ್ಲ, ಒಗ್ಗರಣೆಗೆ ಜಜ್ಜಿದಂಥ ವಾಸನೆ. ಮೂರು ತಿಂಗಳಿಂದ ದಿನಾ ಈ ಗಿಡದ ನೇರಳೆ ಹೂವನ್ನೇ ಕೃಷ್ಣನಿಗೆ ಏರಿಸುತ್ತಿದ್ದರು. ಹೂವಿಗೆ ಈ ವಾಸನೆ ಇರಲೇ ಇಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರಿಗೆ ಎಲೆ ಮುರಿದು ನೋಡಬೇಕೆಂದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆ ಮನೆಯಲ್ಲಿ ಬೆಳ್ಳುಳ್ಳಿ ಹೊಸ್ತಿಲು ದಾಟಿದ್ದಿಲ್ಲ. ನಾಲ್ಕು ವರ್ಷದ ಹಿಂದೆ ಮಗ ಅನಿಕೇತ್‌ನ ಕೈ ಹಿಡಿದು ಮಂಡ್ಯದಿಂದ ಬಂದ ಮಾಲವಿಕಾ ಕೂಡ ಚಪ್ಪಲಿಯ ಜೊತೆ ಬೆಳ್ಳುಳ್ಳಿಯನ್ನೂ ಹೊರಗೇ ಬಿಟ್ಟು ಒಳಗೆ ಕಾಲಿಟ್ಟಿದ್ದಳು. ಬಣ್ಣ ಚೆನ್ನಾಗಿದೆ ಎಂದು ನರ್ಸರಿಯಿಂದ ಈ ಗಿಡ ತಂದವಳು ಅವಳೇ.

"ಇದನ್ನ ಇವತ್ತೇ ಕಿತ್ತು ಬಿಸಾಕಿ. ಇದು ಇರೋ ಮನೇಲಿ ನಾನು ಶ್ರಾದ್ಧದ ಊಟಕ್ಕೆ ಕೂರಲ್ಲ," ಅಂದರು ಗೋಪೀನಾಥ.

"ಒಂದು ನಿಮಿಷ ಇರಪ್ಪಾ," ಎಂದು ಸತ್ಯವತಿ ಮೊಬೈಲಿನಲ್ಲಿ ಹೂವಿನ ಫೋಟೊ ಹೊಡೆದು ಹುಡುಕಿದರು. ಓದುತ್ತ ಓದುತ್ತ ಅವರ ದನಿ ಮತ್ತೆ ಕರಿಹಲಗೆಯ ಮುಂದೆ ನಿಂತಿತು. "ನೋಡು ಗೋಪಿ. ಉದ್ದ ದಂಟು, ತುದೀಲಿ ಗೊಂಚಲು, ಆರು ಎಸಳು. ಇಷ್ಟೂ ಬೆಳ್ಳುಳ್ಳಿ ಜಾತೀಲೂ ಉಂಟು. ಆದ್ರೆ ಹೂವಿನ ಗಂಟಲಲ್ಲಿ ನೋಡು, ಪುಟ್ಟ ಕಿರೀಟ! ಬೆಳ್ಳುಳ್ಳಿ ಹೂವಿಗೆ ಇದು ಇರಲ್ಲ. ಮಣ್ಣೊಳಗೆ ನಾವು ನೋಡೋ ಅಂಥ ಗಡ್ಡೇನೂ ಇಲ್ಲ. ದಕ್ಷಿಣ ಆಫ್ರಿಕಾದ್ದು. ಬೆಳ್ಳುಳ್ಳಿಗೆ ದೂರದ ನೆಂಟ ಅಷ್ಟೆ, ಬೆಳ್ಳುಳ್ಳಿ ಅಲ್ಲ."

ಗೋಪೀನಾಥ ಕನ್ನಡಕ ಏರಿಸಿ ಮೊಬೈಲಿಗೆ ಬಗ್ಗಿದರು. "ಸೊಸೈಟಿ ಗಾರ್ಲಿಕ್ ಅಂತ ದಪ್ಪಕ್ಷರದಲ್ಲಿ ಇದೆಯಲ್ರೀ!"

"ಕುದುರೆಮುಖಕ್ಕೆ ಹುರುಳಿ ಹಾಕ್ತೀಯಾ ನೀನು?"

ಅವರಿಗೆ ನಗು ಬಂತು. ಥೇಟ್ ಅಣ್ಣನ ನಗು. ಸತ್ಯವತಿಯವರ ಜೀವಕ್ಕೆ ಹಾಯೆನಿಸಿತು. ಗಂಡನ ಒಡಹುಟ್ಟಿದವರಲ್ಲಿ ಇನ್ನು ಉಳಿದವರು ಇವರೊಬ್ಬರೇ.

"ಆಯ್ತಪ್ಪಾ, ನೀವು ಟೀಚರು, ನಿಮ್ಮ ಜೊತೆ ವಾದ ಯಾಕೆ," ಎಂದು ಗೋಪೀನಾಥ ಕೈ ಒರೆಸಿಕೊಂಡರು. "ಆದ್ರೂ ಅತ್ತಿಗೆ, ತಂದೋರು ಯಾರು ಹೇಳಿ? ಎಷ್ಟು ತೊಳೆದ್ರೂ ಹುಟ್ಟಿದ ಮನೆ ವಾಸನೆ ಎಲ್ಲಿ ಹೋಗುತ್ತೆ."

ಮಾಲವಿಕಾ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಲೋಟಗಳನ್ನು ಗೋಡೆಯ ಮೇಲಿಟ್ಟು ನೇರ ಕುಂಡದ ಹತ್ತಿರ ಹೋದಳು.

"ನಾನೇ ಕಿತ್ತು ಹಾಕ್ತೀನಿ ಅತ್ತೆ. ನನ್ನಿಂದ ಜಗಳ ಬೇಡ."

ಅವಳು ಬಗ್ಗಿ ಬುಡಕ್ಕೆ ಕೈ ಹಾಕಿದ್ದನ್ನು ಸತ್ಯವತಿ ನೋಡಿದರು. ಇಷ್ಟು ಹೊತ್ತು ತಾನು ಬಡಕೊಂಡದ್ದೇನು? ಇದು ಬೆಳ್ಳುಳ್ಳಿ ಅಲ್ಲ, ಅಲ್ಲ ಎಂದು. ಹಾಗಾದರೆ ಬೆಳ್ಳುಳ್ಳಿಯೇ ಆಗಿದ್ದರೆ ಕೀಳಬಹುದಿತ್ತೇ? ಸತ್ಯವತಿಯವರಿಗೆ ಕಿವಿಯವರೆಗೂ ಬಿಸಿಯಾಯಿತು.

"ಮುಟ್ಟಬೇಡ ಅದನ್ನ," ಎಂದು ಸೊಸೆಯ ಕೈ ಹಿಡಿದು ಎಬ್ಬಿಸಿದರು. ಮೈದುನನ ಕಡೆ ತಿರುಗಿದರು. "ಗೋಪಿ, ಇದು ಬೆಳ್ಳುಳ್ಳಿ ಅಂತಲೇ ಇಟ್ಕೋ."

"ಏನತ್ತಿಗೆ ಇದು, ಈಗಷ್ಟೇ..."

"ಬೆಳ್ಳುಳ್ಳೀನೇ. ಮೂರು ತಿಂಗಳು ಕೈಯಾರೆ ಏರಿಸಿದೀನಿ, ಕೃಷ್ಣ ಒಂದು ಮಾತಾಡಲಿಲ್ಲ. ಮಾತಾಡಿದೋನು ನೀನು. ಅದೂ ಗಿಡಕ್ಕಲ್ಲ, ನನ್ನ ಸೊಸೆಗೆ."

ಗೋಪೀನಾಥರ ಮುಖ ಕೆಂಪಾಯಿತು. "ಹಾಗಾದ್ರೆ ಗುರುವಾರ ಶ್ರಾದ್ಧಕ್ಕೆ ನಾನು ಬರಲ್ಲ."

"ನಿನ್ನ ಎಲೆ ಹಾಕಿರ್ತೀನಿ. ಬರೋದು ಬಿಡೋದು ನಿಂಗೆ ಬಿಟ್ಟಿದ್ದು. ಗಿಡ ಮಾತ್ರ ಎಲ್ಲೂ ಹೋಗಲ್ಲ."

ಅವರು ಕಾಫಿ ಮುಟ್ಟದೆ ಇಳಿದು ಹೋದರು. ಗೇಟು ದಡಾರೆಂದಾಗ ಸತ್ಯವತಿ ತಾರಸಿಯ ಅಂಚಿಗೆ ಬಂದರು. ಕೂಗಿ ಕರೆಯೋಣವೇ ಅನ್ನಿಸಿತು. ಕರೆಯಲಿಲ್ಲ.

"ಯಾಕತ್ತೆ ಹೀಗೆ ಮಾಡಿದ್ರಿ?" ಮಾಲವಿಕಾ ಅಳುತ್ತಿದ್ದಳು.

"ನಂಗೂ ಭಯ ಆಗ್ತಿದೆ ಕಣೇ. ಬಾ, ಪೂಜೆಗೆ ಹೊತ್ತಾಯ್ತು."

ಸತ್ಯವತಿ ನಾಲ್ಕು ಗೊಂಚಲು ಮುರಿದುಕೊಂಡರು. ಈ ಸಲ ಎಲೆಗಳನ್ನು ಬಿಟ್ಟು ಹುಷಾರಾಗಿ ಕೀಳಲಿಲ್ಲ, ಕೈಗೆ ಸಿಕ್ಕ ಹಾಗೆ ಮುರಿದರು. ಬೆರಳಿಗೆಲ್ಲ ಹಸಿರು ರಸ ಹತ್ತಿತು. ಕೆಳಗೆ ಬಂದ ಮೇಲೆ ಮಾಲವಿಕಾ ನಲ್ಲಿ ತಿರುಗಿಸಿ, ಅತ್ತೆ ಕೈ ತೊಳೆಯಲಿ ಎಂದು ಪಕ್ಕಕ್ಕೆ ಸರಿದು ನಿಂತಳು.

ಸತ್ಯವತಿ ನಲ್ಲಿಯನ್ನು ನಿಲ್ಲಿಸಿದರು. ದೇವರ ಮುಂದೆ ಕೂತು, ಅದೇ ಕೈಯಲ್ಲಿ ಬತ್ತಿ ಹೊಸೆದು ದೀಪ ಹಚ್ಚಿದರು.