ಮಣ್ಣು ಕೊಟ್ಟ ಕೈ

ಮೊದಲ ಏಟು ಎಡಗಿವಿಯ ಮೇಲೆ ಬಿತ್ತು. ಜಯಮಾಲಾ ಹೊಲಿಗೆ ಯಂತ್ರದ ಮೇಲೆ ಮುಗ್ಗರಿಸಿದಳು. ಎರಡನೆಯದಕ್ಕೆ ತುಟಿ ಒಡೆಯಿತು.

"ಅವ್ವನ ಸರ ಮಾರಾಕ ಹೋಗಿದ್ದಿ? ಯಾವಂವನ ಸಲುವಾಗಿ? ಹೇಳು!"

ಹುಮನಾಬಾದಿನ ಚಿನ್ನದಂಗಡಿಯ ಪತ್ತಾರ ಅವಳನ್ನು ಅರ್ಧ ತಾಸು ಕೂರಿಸಿಕೊಂಡು, ಒಳಗಿನಿಂದ ಬಸವಕಲ್ಯಾಣಕ್ಕೆ ಫೋನು ಮಾಡಿದ್ದ. ಅಣ್ಣ ಗುರುಲಿಂಗ ಗಾಡಿ ಹಾರಿಸಿಕೊಂಡು ಬಂದು, ಸರ ಜೇಬಿಗಿಳಿಸಿ, ಅವಳ ರಟ್ಟೆ ಹಿಡಿದು ಪಕ್ಕದ ಓಣಿಯ ಅವಳದೇ ಹೊಲಿಗೆ ಅಂಗಡಿಗೆ ಎಳೆತಂದು ಶಟರ್ ಅರ್ಧ ಇಳಿಸಿದ್ದ. ಈ ಊರಿನಲ್ಲಿ ಹೆಂಗಸಿನ ಗುಟ್ಟು ಒಂದು ಕಪ್ ಚಹಾ ಆರುವಷ್ಟು ಹೊತ್ತೂ ಉಳಿಯುವುದಿಲ್ಲ.

ಎರಡು ಸಾವಿರದ ಏಳರ ಆ ನಾಲ್ಕು ತಿಂಗಳು ಮೂವತ್ತೆಂಟರ ಜಯಮಾಲಾಗೆ ಹಬ್ಬವಾಗಿದ್ದವು. ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಕೆಫೆಯಲ್ಲಿ ದಿನಕ್ಕೊಂದು ತಾಸು. ಆಚೆ ಕಡೆ ಬಸವಕುಮಾರ: ಪುಣೆಯಲ್ಲಿ ಇಂಜಿನಿಯರ್, ಮೂಲ ಬಸವಕಲ್ಯಾಣ, ನಮ್ಮವನೇ ಲಿಂಗಾಯತ, ಲಿಂಗಪೂಜೆ ಆಗದೆ ನೀರು ಮುಟ್ಟುವುದಿಲ್ಲವಂತೆ. ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಊಟ ಆಯಿತೇ ಎಂದು ಕೇಳುವವನೊಬ್ಬ ಇದ್ದ, ಅಷ್ಟೇ ಸಾಕಾಗಿತ್ತು. ಇವತ್ತು ಬೆಳಿಗ್ಗೆ ಅವನ ಇ-ಮೇಲಿನಲ್ಲಿ 'ಅವ್ವ ಹೋದಳು, ತುರ್ತು ರೊಕ್ಕ ಬೇಕು' ಎಂಬ ಮೊದಲ ಸಾಲು ಓದಿದ್ದೇ ಕಣ್ಣು ಮಂಜಾಗಿ ಉಳಿದದ್ದು ಓದಲಾಗಲಿಲ್ಲ. ಪ್ರಿಂಟು ತೆಗೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಪತ್ತಾರನಲ್ಲಿಗೆ ಓಡಿದ್ದಳು.

ಗುರುಲಿಂಗ ಆ ಕಾಗದ ಕಿತ್ತುಕೊಂಡ. ಅವಳು ಅವನ ಕೈ ಕಚ್ಚಿದಳು. ಅವನು ಜಡೆ ಹಿಡಿದು ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿದ. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಕೈಗೆ ಸಿಕ್ಕಿತು, ಬೀಸಿದಳು. ಅವನ ಮುಂಗೈ ಸೀಳಿ ರಕ್ತ ಗಿರಾಕಿಯ ಬಟ್ಟೆಯ ಮೇಲೆ ಚಿಮ್ಮಿತು. ಕೊಲ್ಲಬೇಕೆಂದೇ ಬೀಸಿದ್ದಳು, ಸುಳ್ಳೇಕೆ ಹೇಳಬೇಕು?

"ಅವರವ್ವ ಸತ್ತಾಳ! ಅವರ ಸಂಕಟ ನಿನಗೇನ್ ಗೊತ್ತು?" ಎಂದು ಚೀರಿದಳು.

"ಕೇಳು ಹಂಗಾದ್ರ, ನಿನ್ನ ಮಿಂಡನ ಸಂಕಟ!" ಗಾಯ ಒತ್ತಿ ಹಿಡಿದು ಗುರುಲಿಂಗ ಅಣಕಿಸುತ್ತ ಓದಿದ. "'ಚಿತೆಗೆ ಬೆಂಕಿ ಇಟ್ಟು ಬಂದೆ. ನಾಳೆ ಅಸ್ಥಿ ಬಿಡಲು ನಾಸಿಕಕ್ಕೆ ಹೋಗಬೇಕು, ಕೈಯಲ್ಲಿ ರೊಕ್ಕ ಇಲ್ಲ...'"

ಕತ್ತರಿ ಹಿಡಿದ ಕೈ ತಾನಾಗಿ ಇಳಿಯಿತು. "ಇನ್ನೊಮ್ಮೆ ಓದು."

ಅವನು ಕಾಗದ ಕೆಳಗಿಳಿಸಿದ. ಅವನಿಗೂ ಹೊಳೆದಿತ್ತು. ಲಿಂಗಾಯತರು ಸತ್ತವರನ್ನು ಸುಡುವುದಿಲ್ಲ, ಮಣ್ಣು ಕೊಡುತ್ತಾರೆ. ಹೋದ ವರ್ಷ ಇದೇ ಗುರುಲಿಂಗ ಗುಣಿಗೆ ಇಳಿದು, ಅವ್ವನನ್ನು ಕೂಸಿನಂತೆ ಕೂರಿಸಿ, ಸುತ್ತ ವಿಭೂತಿ, ಪತ್ರಿ ತುಂಬಿ, ಇದೇ ಕೈಯಿಂದ ಮೊದಲ ಹಿಡಿ ಮಣ್ಣು ಹಾಕಿದ್ದ.

"ಅಣ್ಣಾ," ಎಂದಳು. ನಗು ಬಂತು, ನಗುವಿನ ಜೊತೆ ರಕ್ತವೂ ಬಂತು. "ಅಂವ ನಮ್ಮಂವ ಅಲ್ಲೇ ಅಲ್ಲ. ಅವ್ವನೂ ಸುಳ್ಳು, ಸಾವೂ ಸುಳ್ಳು. ನಾ ಖರೇನ ಅತ್ತಿದ್ದೆ."

ಗುರುಲಿಂಗ ನಿಟ್ಟುಸಿರು ಬಿಟ್ಟ. "ತಿಳೀತಲ್ಲ? ಮುಗೀತು ಬಿಡು. ಸರ ನನ್ನ ಹಂತ್ಯಾಕ ಇರ್ಲಿ."

ಕತ್ತರಿ ಮತ್ತೆ ಮೇಲೆದ್ದಿತು.

"ಕೊಡು. ಅವ್ವ ನನ್ನ ಕೊರಳಿಗೆ ಹಾಕಿದ್ದು ಅದು. ಅಂವ ಸುಳ್ಳು ಹೇಳ್ಯಾನ, ಖರೆ. ಹೊಡದಾಂವ ನೀ."

ಅವನು ಅವಳ ಕಣ್ಣು ನೋಡಿದ. ಸರ ಮೇಜಿನ ಮೇಲಿಟ್ಟು, ಶಟರಿನಡಿ ಬಗ್ಗಿ ಹೊರಟುಹೋದ.

ಜಯಮಾಲಾ ಸರ ಹಾಕಿಕೊಂಡಳು, ತುಟಿ ಒರೆಸಿಕೊಂಡು ಶಟರ್ ಎತ್ತಿದಳು. ಅಳತೆ ಕೊಡಲು ಬಂದ ಮುನ್ನಿ ಬೀ ಜಯಮಾಲಾಳ ಎಡಕ್ಕೆ ನಿಂತು ಗಾಬರಿಯಿಂದ ಏನೋ ಕೇಳುತ್ತಿದ್ದಳು; ತುಟಿ ಅಲುಗುವುದಷ್ಟೇ ಕಂಡಿತು. ಜಯಮಾಲಾ ಟೇಪು ಕೈಗೆತ್ತಿಕೊಂಡು, ಬಲಗಿವಿಯನ್ನು ಅವಳತ್ತ ತಿರುಗಿಸಿದಳು.